ಪರರ ನೋವಿಗೆ ಕಾರಣ ಹೇಳುವ ಹಕ್ಕು

ಮಗು ಸತ್ತ ಮನೆಗೆ ಮಾತಾಡಿಸಲು ಹೋದವರ ಬಾಯಿಗೆ ಬರುವ ಮಾತುಗಳು ಬಹುಮಟ್ಟಿಗೆ ಒಂದೇ. ಋಣ ಅಷ್ಟೇ ಇತ್ತು ಎನ್ನುತ್ತಾರೆ. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎನ್ನುತ್ತಾರೆ. ಅಂಗಳ ದಾಟಿದ ಮೇಲೆ ಕೆಲವರು ದನಿ ತಗ್ಗಿಸಿ, ಯಾವ ಜನ್ಮದ ಕರ್ಮವೋ ಎಂದೂ ಸೇರಿಸುತ್ತಾರೆ. ಹೇಳುವವರ ಮನಸ್ಸು ಕೆಟ್ಟದ್ದಲ್ಲ, ಅವರಿಗೂ ಸಂಕಟವಾಗಿದೆ. ಆದರೆ ಈ ಸಣ್ಣ ಮಾತುಗಳ ಬೆನ್ನಿಗೆ ಎರಡು ಸಾವಿರ ವರ್ಷಕ್ಕೂ ಹಳೆಯದಾದ ದೊಡ್ಡದೊಂದು ವಾದವಿದೆ. ಲೋಕವನ್ನು ನಡೆಸುವ ಶಕ್ತಿಯೊಂದು ಇದ್ದು, ಅದು ಒಳ್ಳೆಯದೂ ಆಗಿದ್ದರೆ, ತಪ್ಪು ಮಾಡದವರು ಏಕೆ ನರಳಬೇಕು?

ಈ ಪ್ರಶ್ನೆಗೆ ಧರ್ಮಗಳೂ ದರ್ಶನಗಳೂ ಕೊಟ್ಟ ಉತ್ತರಗಳನ್ನು ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ. ಉತ್ತರ ತರ್ಕಕ್ಕೆ ನಿಲ್ಲುತ್ತದೆಯೇ ಎಂಬುದು ಒಂದು ಪರೀಕ್ಷೆ. ಅದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ: ಆ ಉತ್ತರವನ್ನು ಯಾರು, ಯಾರ ನೋವಿನ ಬಗ್ಗೆ ಹೇಳುತ್ತಿದ್ದಾರೆ? ನನ್ನ ನೋವಿಗೆ ನಾನೇ ಕೊಟ್ಟುಕೊಂಡ ಅರ್ಥ ನನ್ನನ್ನು ಬದುಕಿಸೀತು. ಅದೇ ಅರ್ಥವನ್ನು ಇನ್ನೊಬ್ಬರ ನೋವಿನ ಮೇಲೆ ಹೊರಿಸಿದರೆ ಅದು ಅನ್ಯಾಯವಾದೀತು. ಕೇಡಿನ ಚರ್ಚೆಯ ದೀರ್ಘ ಚರಿತ್ರೆಯನ್ನು ಓದಿದಷ್ಟೂ ನನಗೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ಮುಖ್ಯವೆನಿಸಿದೆ.

ಪ್ರಶ್ನೆಯ ಕಟ್ಟು

ಗ್ರೀಕ್ ತತ್ವಜ್ಞ ಎಪಿಕ್ಯೂರಸನ ಹೆಸರಿನಲ್ಲಿ ಬಂದ ವಾದವೊಂದನ್ನು ಕ್ರೈಸ್ತ ಲೇಖಕ ಲ್ಯಾಕ್ಟಾನ್ಶಿಯಸ್ 4ನೇ ಶತಮಾನದಲ್ಲಿ ದಾಖಲಿಸಿದ. ಕೇಡನ್ನು ತಡೆಯುವ ಮನಸ್ಸು ದೇವರಿಗಿದ್ದು ಶಕ್ತಿಯಿಲ್ಲವೆಂದರೆ ಅವನು ಸರ್ವಶಕ್ತನಲ್ಲ. ಶಕ್ತಿಯಿದ್ದು ಮನಸ್ಸಿಲ್ಲವೆಂದರೆ ಅವನು ಕರುಣಾಳುವಲ್ಲ. ಎರಡೂ ಇವೆಯೆಂದರೆ ನಮ್ಮ ಕಣ್ಣ ಮುಂದಿರುವ ಕೇಡಿಗೆ ಕಾರಣ ಹೇಳಬೇಕಾಗುತ್ತದೆ. ಡೇವಿಡ್ ಹ್ಯೂಮ್ ಸತ್ತ ಮೂರು ವರ್ಷಕ್ಕೆ, 1779ರಲ್ಲಿ ಪ್ರಕಟವಾದ ಸಂವಾದಗ್ರಂಥ ಈ ವಾದಕ್ಕೆ ಮತ್ತೆ ಜೀವ ಕೊಟ್ಟಿತು. 1955ರಲ್ಲಿ ಜೆ. ಎಲ್. ಮ್ಯಾಕಿ ಇದನ್ನು ಇನ್ನಷ್ಟು ಬಿಗಿಗೊಳಿಸಿ, ದೇವರು ಸರ್ವಶಕ್ತ, ದೇವರು ಸಂಪೂರ್ಣ ಒಳ್ಳೆಯವನು, ಕೇಡು ಇದೆ ಎಂಬ ಮೂರು ಹೇಳಿಕೆಗಳನ್ನು ಒಟ್ಟಿಗೆ ಒಪ್ಪುವವರು ತರ್ಕದೋಷ ಮಾಡುತ್ತಿದ್ದಾರೆ ಎಂದರು.

ಇದಕ್ಕೆ ಆಲ್ವಿನ್ ಪ್ಲಾಂಟಿಂಗಾ 1974ರಲ್ಲಿ ಕೊಟ್ಟ ಮಾರುತ್ತರ ಪ್ರಸಿದ್ಧ. ನಿಜವಾಗಿ ಸ್ವತಂತ್ರರಾದ ಜೀವಿಗಳನ್ನು ಸೃಷ್ಟಿಸಿ, ಅವರು ಒಳ್ಳೆಯದನ್ನೇ ಮಾಡುವಂತೆ ಕಟ್ಟುಮಾಡುವುದು ಸರ್ವಶಕ್ತನಿಗೂ ಆಗದ ಕೆಲಸವಿರಬಹುದು. ಹಾಗಿರುವ ಸಾಧ್ಯತೆಯಷ್ಟೇ ಸಾಕು, ಮೂರು ಹೇಳಿಕೆಗಳ ನಡುವೆ ನೇರ ವಿರೋಧವಿಲ್ಲ ಎಂದಾಗುತ್ತದೆ. ವಿರೋಧಪಕ್ಷದವರಲ್ಲೂ ಅನೇಕರು ಇದನ್ನು ಒಪ್ಪಿದರು. ವಾದ ಅಲ್ಲಿಗೆ ಮುಗಿಯಲಿಲ್ಲ, ಜಾಗ ಬದಲಿಸಿತು. 1979ರಲ್ಲಿ ವಿಲಿಯಂ ರೋ ಒಂದು ಉದಾಹರಣೆ ಮುಂದಿಟ್ಟರು. ಮನುಷ್ಯರಿಂದ ಬಹುದೂರದ ಕಾಡಿನಲ್ಲಿ ಸಿಡಿಲಿನಿಂದ ಕಿಚ್ಚು ಹೊತ್ತಿ, ಜಿಂಕೆಯ ಮರಿಯೊಂದು ಸುಟ್ಟುಕೊಂಡು ಕೆಲವು ದಿನ ನರಳಿ ಸಾಯುತ್ತದೆ. ಅದನ್ನು ಕಂಡವರಿಲ್ಲ, ಅದರಿಂದ ಪಾಠ ಕಲಿತವರಿಲ್ಲ. ಅದರಲ್ಲಿ ಯಾರ ಸ್ವಾತಂತ್ರ್ಯದ ಬಳಕೆಯೂ ಇಲ್ಲ. ಇಂಥ ನೋವು ಯಾವ ದೊಡ್ಡ ಒಳಿತಿಗೆ ಅಗತ್ಯವಾಗಿತ್ತು? ದೇವರ ಕಾರಣಗಳು ಮನುಷ್ಯನ ಅಳತೆಗೆ ಸಿಗಬೇಕೆಂದೇನಿಲ್ಲ ಎಂದು ಸ್ಟೀಫನ್ ವಿಕ್‌ಸ್ಟ್ರಾ ಮೊದಲಾದವರು 1984ರಿಂದೀಚೆಗೆ ವಾದಿಸುತ್ತ ಬಂದಿದ್ದಾರೆ. ಈ ಉತ್ತರದಲ್ಲಿ ವಿನಯವಿದೆ. ಆದರೆ ಅದನ್ನು ಒಪ್ಪಿದವರು ಭೂಕಂಪಕ್ಕೂ ಕಾಯಿಲೆಗೂ ದೇವರ ಉದ್ದೇಶ ಇಂಥದ್ದೇ ಎಂದು ಬೊಟ್ಟು ಮಾಡುವುದನ್ನೂ ಬಿಡಬೇಕಾಗುತ್ತದೆ.

ಯೋಬನ ಗೆಳೆಯರು

ಬೈಬಲ್ಲಿನ ಹಳೆಯ ಒಡಂಬಡಿಕೆಯ ಯೋಬನ ಗ್ರಂಥ ಇಂಥ ಬೊಟ್ಟು ಮಾಡುವಿಕೆಯನ್ನೇ ವಿಚಾರಣೆಗೆ ಹಚ್ಚುತ್ತದೆ. ಯೋಬ ನೀತಿವಂತ. ಒಂದೇ ದಿನದಲ್ಲಿ ಅವನ ದನಕರು, ಆಳುಕಾಳು, ಹತ್ತು ಮಂದಿ ಮಕ್ಕಳು ಇಲ್ಲವಾಗುತ್ತಾರೆ. ಆಮೇಲೆ ಮೈತುಂಬ ಹುಣ್ಣು. ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಿರುವ ಅವನನ್ನು ಕಾಣಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ.

ಬಾಯಿ ಬಿಟ್ಟ ಮೇಲೆ ಅವರು ದೇವರ ವಕೀಲರಾಗುತ್ತಾರೆ. ದೇವರು ನ್ಯಾಯವಂತ, ನಿನಗೆ ಕಷ್ಟ ಬಂದಿದೆ, ಆದ್ದರಿಂದ ನೀನು ಏನೋ ಪಾಪ ಮಾಡಿರಬೇಕು ಎಂಬುದು ಅವರ ಲೆಕ್ಕ. ಯೋಬ ಒಪ್ಪುವುದಿಲ್ಲ. ತಾನು ಮಾಡದ ತಪ್ಪನ್ನು ಒಪ್ಪಿಕೊಂಡು ದೇವರನ್ನು ಕಾಪಾಡುವುದು ಅವನಿಗೆ ಬೇಡ, ಅವನು ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಸೃಷ್ಟಿಯ ವಿಸ್ತಾರವನ್ನು ಮುಂದಿಟ್ಟು ಪ್ರಶ್ನೆಗಳ ಸುರಿಮಳೆಗರೆಯುತ್ತಾನೆಯೇ ಹೊರತು ಯೋಬನ ಕಷ್ಟಕ್ಕೆ ಕಾರಣ ಹೇಳುವುದಿಲ್ಲ. ತನ್ನ ಪರ ವಾದಿಸಿದ ಗೆಳೆಯರ ಮೇಲೆ ಮಾತ್ರ ಸ್ಪಷ್ಟವಾಗಿ ಸಿಟ್ಟಾಗುತ್ತಾನೆ. ದೇವರ ಬಗ್ಗೆ ಸರಿಯಾಗಿ ಮಾತಾಡಿದವನು ದೂರು ಹೇಳಿದ ಯೋಬ, ಸಮರ್ಥಿಸಿದ ಅವರಲ್ಲ.

ಇಮ್ಯಾನುಯೆಲ್ ಕಾಂಟ್ 1791ರಲ್ಲಿ ಬರೆದ ಪ್ರಬಂಧವೊಂದು ಇದೇ ಎಳೆಯನ್ನು ಹಿಡಿಯುತ್ತದೆ. ಕೇಡಿನ ಎದುರು ದೇವರನ್ನು ಸಮರ್ಥಿಸುವ ತಾತ್ವಿಕ ಯತ್ನಗಳೆಲ್ಲ ಸೋತಿವೆ ಎಂದು ಕಾಂಟ್ ತೀರ್ಮಾನಿಸುತ್ತಾನೆ. ಗೆಳೆಯರ ಮಾತು ಬಲಶಾಲಿಯನ್ನು ಓಲೈಸುವ ಮಾತು, ಯೋಬನದು ಅನಿಸಿದ್ದನ್ನು ಅನಿಸಿದಂತೆ ನುಡಿದ ಪ್ರಾಮಾಣಿಕತೆ ಎಂಬುದು ಅವನ ಓದು. ಕೇಡಿನ ಪ್ರಶ್ನೆಯಲ್ಲಿ ಜಾಣತನಕ್ಕಿಂತ ಪ್ರಾಮಾಣಿಕತೆಗೆ ಹೆಚ್ಚು ಬೆಲೆ ಎಂದು ಇಷ್ಟು ಖಚಿತವಾಗಿ ಹೇಳಿದವರು ಯುರೋಪಿನಲ್ಲಿ ಅವನಿಗಿಂತ ಮೊದಲು ವಿರಳ.

ಲಿಸ್ಬನ್ನಿನ ನವೆಂಬರ್ 1

ಕಾಂಟ್ ಸೋತವೆಂದ ಉತ್ತರಗಳು ಸಣ್ಣವಲ್ಲ. ಹಿಪ್ಪೋದ ಬಿಷಪ್ ಆಗಿದ್ದ ಅಗಸ್ಟೀನ್ (354–430) ಕೇಡಿಗೆ ಸ್ವಂತ ಅಸ್ತಿತ್ವವೇ ಇಲ್ಲ, ಕುರುಡು ಎಂದರೆ ದೃಷ್ಟಿಯ ಅಭಾವವಾಗಿರುವಂತೆ ಕೇಡು ಒಳಿತಿನ ಅಭಾವ ಎಂದ. ಮನುಷ್ಯ ತನ್ನ ಸ್ವಾತಂತ್ರ್ಯವನ್ನು ತಪ್ಪಾಗಿ ಬಳಸಿದ್ದರಿಂದ ಕೇಡು ಲೋಕಕ್ಕೆ ಬಂತು ಎಂಬುದು ಅವನ ನಿಲುವು. ಅವನಿಗೂ ಹಿಂದೆ, 2ನೇ ಶತಮಾನದಲ್ಲಿ ಲಿಯೋನಿನ ಐರೇನಿಯಸ್, ಮನುಷ್ಯ ಅಪಕ್ವನಾಗಿ ಹುಟ್ಟಿ ಬೆಳೆಯುತ್ತ ಹೋಗುವವನು ಎಂದಿದ್ದ. 1966ರಲ್ಲಿ ಜಾನ್ ಹಿಕ್ ಈ ಎರಡನೆಯ ಎಳೆಯನ್ನು ಹಿಗ್ಗಿಸಿ, ಕಷ್ಟಕೋಟಲೆಗಳಿರುವ ಲೋಕದಲ್ಲಿ ಮಾತ್ರ ಧೈರ್ಯ, ಕರುಣೆ, ತಾಳ್ಮೆ ಬೆಳೆಯಬಲ್ಲವು ಎಂದು ವಾದಿಸಿದರು. ಅಗಸ್ಟೀನನಿಗೂ ಹಿಕ್ ಅವರಿಗೂ ನಡುವಿನ ಕಾಲದಲ್ಲಿ, 1710ರಲ್ಲಿ, ಲೈಬ್ನಿಟ್ಸ್ ಗಣಿತಜ್ಞನ ಧೈರ್ಯದಿಂದ ಹೇಳಿದ: ಸಾಧ್ಯವಿದ್ದ ಎಲ್ಲ ಲೋಕಗಳನ್ನೂ ತೂಗಿ ನೋಡಿ ದೇವರು ಆರಿಸಿದ್ದರಿಂದ, ನಮ್ಮದೇ ಅತ್ಯುತ್ತಮ ಲೋಕ.

1755ರ ನವೆಂಬರ್ 1ರ ಬೆಳಗ್ಗೆ ಈ ನಂಬಿಕೆ ನಡುಗಿತು. ಅಂದು ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಚರ್ಚುಗಳು ಪೂಜೆಗೆ ಬಂದವರಿಂದ ತುಂಬಿದ್ದವು. ಮೊದಲು ನೆಲ ಕಂಪಿಸಿ ಚಾವಣಿಗಳು ಕುಸಿದವು. ಹೊರಗೋಡಿ ನದೀತೀರದ ಬಯಲಿಗೆ ಬಂದವರ ಮೇಲೆ ಸುನಾಮಿ ಎರಗಿತು. ಹಬ್ಬಕ್ಕೆಂದು ಹಚ್ಚಿದ್ದ ಮೇಣದ ಬತ್ತಿಗಳಿಂದಲೂ ಒಲೆಗಳಿಂದಲೂ ಬೆಂಕಿ ಹಬ್ಬಿ ಊರು ದಿನಗಟ್ಟಲೆ ಉರಿಯಿತು. ಸತ್ತವರ ಸಂಖ್ಯೆಯ ಅಂದಾಜು ಹತ್ತಾರು ಸಾವಿರ. ವಾಲ್ಟೇರ್ ಮೊದಲು ಕವಿತೆಯಲ್ಲಿ, ಬಳಿಕ 1759ರ 'ಕ್ಯಾಂಡಿಡ್' ಕಾದಂಬರಿಯಲ್ಲಿ ಲೈಬ್ನಿಟ್ಸನ ಆಶಾವಾದವನ್ನು ಎತ್ತಿ ಎಸೆದ.

ಲಿಸ್ಬನ್ನಿನ ಒಳಗೇ ನಡೆದ ಜಗಳ ಇದಕ್ಕಿಂತ ಪಾಠ ಹೇಳುವಂಥದ್ದು. ಗಬ್ರಿಯೆಲ್ ಮಲಗ್ರಿಡ ಎಂಬ ಜೆಸ್ಯುಯಿಟ್ ಪಾದ್ರಿ 1756ರಲ್ಲಿ ಕಿರುಹೊತ್ತಗೆ ಬರೆದು, ಇದು ಪ್ರಕೃತಿಯ ಕೆಲಸವಲ್ಲ, ಲಿಸ್ಬನ್ನಿನ ಪಾಪಕ್ಕೆ ಬಂದ ದಂಡನೆ ಎಂದು ಸಾರಿದ. ಊರು ಕಟ್ಟುವುದಕ್ಕಿಂತ ಪ್ರಾಯಶ್ಚಿತ್ತ ಮುಖ್ಯವೆಂಬುದು ಅವನ ಒತ್ತಾಯ. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ ಬೇರೆ ದಾರಿ ಹಿಡಿದ. ಪ್ರತಿ ಪ್ಯಾರಿಷ್‌ಗೆ ಪ್ರಶ್ನಾವಳಿ ಕಳಿಸಿ, ನೆಲ ಎಷ್ಟು ಹೊತ್ತು ನಡುಗಿತು, ಸಮುದ್ರ ಮೊದಲು ಹಿಂದೆ ಸರಿಯಿತೇ, ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು ಎಂದು ಕೇಳಿದ. ಹೊಸ ಕಟ್ಟಡಗಳ ಗೋಡೆಯೊಳಗೆ ಮರದ ಪಂಜರ ಕೂರಿಸಿ, ನೆಲ ಅಲುಗಿದರೆ ಗೋಡೆ ಬಳುಕಿ ತಡೆದುಕೊಳ್ಳುವಂತೆ ಮಾಡಿಸಿದ. ಆ ಬೀದಿಗಳು ಇಂದಿಗೂ ಇವೆ. ಪೊಂಬಾಲ್ ಸಂತನೇನಲ್ಲ. ಮಲಗ್ರಿಡನನ್ನು ಅವನ ಆಡಳಿತವೇ 1761ರಲ್ಲಿ ಇನ್‌ಕ್ವಿಸಿಷನ್ ಮೂಲಕ ಕೊಲ್ಲಿಸಿತು. ಆ ಕ್ರೌರ್ಯವನ್ನು ಮರೆಯುವಂತಿಲ್ಲ. ಹಾಗಿದ್ದರೂ ಸತ್ತವರ ಪಾಪ ಎಣಿಸಲು ಕುಳಿತವನಿಗಿಂತ, ಹೇಗೆ ಸತ್ತರು ಎಂದು ಕೇಳಿದವನ ಪ್ರಶ್ನೆಯಿಂದ ಬದುಕಿದ್ದವರಿಗೆ ಉಪಯೋಗವಾಯಿತು.

ಕರ್ಮದ ಲೆಕ್ಕ

ಭಾರತದ ದರ್ಶನಗಳು ಇದೇ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಎತ್ತಿಕೊಂಡವು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ದೇವರ ಮೇಲೆ ಎರಡು ಆರೋಪಗಳನ್ನು ನೇರವಾಗಿ ಹೊರಿಸಲಾಗಿದೆ. ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದುಃಖ ಕೊಟ್ಟ ಪಕ್ಷಪಾತ ಒಂದು, ಕ್ರೌರ್ಯ ಇನ್ನೊಂದು. ಜೀವಿಗಳ ಕರ್ಮವನ್ನು ನೋಡಿಯೇ ದೇವರು ಫಲ ಕೊಡುತ್ತಾನೆ ಎಂಬುದು ಸೂತ್ರಕಾರನ ಸಮಾಧಾನ. ಶಂಕರರು ಭಾಷ್ಯದಲ್ಲಿ ಇದನ್ನು ಮಳೆಯ ಹೋಲಿಕೆಯಿಂದ ವಿವರಿಸುತ್ತಾರೆ. ಮಳೆ ಎಲ್ಲ ಬೀಜಕ್ಕೂ ಒಂದೇ, ಭತ್ತ ಭತ್ತವಾಗಿಯೂ ಜವೆ ಜವೆಯಾಗಿಯೂ ಬೆಳೆಯಲು ಬೀಜದ ಗುಣವೇ ಕಾರಣ. ಹಾಗಾದರೆ ಮೊಟ್ಟಮೊದಲ ಸೃಷ್ಟಿಯಲ್ಲಿ ಯಾವ ಕರ್ಮವಿತ್ತು ಎಂಬ ಆಕ್ಷೇಪ ಮುಂದಿನ ಸೂತ್ರದಲ್ಲೇ ಬರುತ್ತದೆ. ಸಂಸಾರಕ್ಕೆ ಆದಿಯೇ ಇಲ್ಲ ಎಂಬುದು ಅದಕ್ಕೆ ಉತ್ತರ. ಪ್ರಶ್ನೆ ಇದರಿಂದ ಬಗೆಹರಿಯಿತೋ ಹಿಂದಕ್ಕೆ ಹೋಯಿತೋ ಎಂಬ ಚರ್ಚೆ ಇನ್ನೂ ನಿಂತಿಲ್ಲ.

13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದರು. ಹರಿಯೊಬ್ಬನೇ ಸ್ವತಂತ್ರ, ಜೀವರ ಸ್ವಭಾವವೇ ಅನಾದಿಯಿಂದ ಬೇರೆ ಬೇರೆ ಎಂದರು. ಮುಕ್ತಿಗೆ ಯೋಗ್ಯರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಯೋಗ್ಯರು ಎಂಬ ಮೂರು ವರ್ಗಗಳನ್ನು ಹೇಳಿದರು. ದೇವರು ಸ್ವಭಾವವನ್ನು ಹೊಸದಾಗಿ ಮಾಡುವುದಿಲ್ಲ, ಅದನ್ನು ಅರಳಿಸುತ್ತಾನೆ. ತರ್ಕದಲ್ಲಿ ಇದು ಗಟ್ಟಿ, ಮನಸ್ಸಿಗೆ ಮಾತ್ರ ಬಹಳ ಭಾರ.

ಕನ್ನಡ ನೆಲದಲ್ಲೇ ಇದಕ್ಕೆ ಪೂರ್ತಿ ಎದುರಾದ ದನಿಯೂ ಎದ್ದಿತ್ತು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು, ಮುಂದೆ ಪಂಪನ ಆದಿಪುರಾಣಕ್ಕೆ ಆಧಾರವಾದ ತಮ್ಮ ಸಂಸ್ಕೃತ ಕೃತಿಯಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನೇ ತಿರಸ್ಕರಿಸಿದರು. ಜೀವಿಗಳ ಮೇಲಿನ ಪ್ರೀತಿಯಿಂದ ಲೋಕ ಮಾಡಿದವನು ಅದನ್ನು ಪೂರ್ತಿ ಸುಖಮಯವಾಗಿ ಏಕೆ ಮಾಡಲಿಲ್ಲ ಎಂಬುದು ಅವರು ಹೂಡಿದ ವಾದಗಳಲ್ಲೊಂದು. ಕರ್ಮವೇ ಫಲ ಕೊಡುವುದಾದರೆ ನಡುವೆ ದೇವರೇಕೆ ಎಂಬುದು ಜೈನರ ಪಟ್ಟು. ಬೌದ್ಧರು ಇನ್ನೂ ಮುಂದೆ ಹೋಗಿ, ವಿಷದ ಬಾಣ ನಾಟಿದವನಿಗೆ ಬಾಣ ಬಿಟ್ಟವನ ಕುಲಗೋತ್ರ ತಿಳಿಯುವುದಕ್ಕಿಂತ ಬಾಣ ಕೀಳಿಸಿಕೊಳ್ಳುವುದು ತುರ್ತು ಎಂದರು.

ಕರ್ಮಸಿದ್ಧಾಂತದ ಬಲ ದೊಡ್ಡದು. ಲೋಕ ಅರ್ಥಹೀನವಲ್ಲ, ಮಾಡಿದ್ದು ವ್ಯರ್ಥವಾಗದು ಎಂಬ ಭರವಸೆಯನ್ನು ಅದು ಕೊಡುತ್ತದೆ. ಎಷ್ಟೋ ಮಂದಿ ತಾಯಂದಿರು ನನ್ನ ಹಣೆಬರಹ ಎಂದುಕೊಂಡು, ಬೇರೆ ಯಾರೂ ಹೊರಲಾರದ ದುಃಖವನ್ನು ಹೊತ್ತು ಬದುಕಿದ್ದಾರೆ. ಅವರ ಆ ಮಾತನ್ನು ಕಿತ್ತುಕೊಳ್ಳುವ ಅಧಿಕಾರ ಯಾವ ವಿಚಾರವಾದಿಗೂ ಇಲ್ಲ. ಆದರೆ ನನ್ನ ಕರ್ಮ ಎನ್ನುವ ಜಾಗದಲ್ಲಿ ಅವನ ಕರ್ಮ ಎಂದೊಡನೆ ನೀತಿಯ ನೆಲೆಯೇ ಬೇರೆಯಾಗುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ತನಗೆ ಹೇಳಿಕೊಂಡರೆ ಎಚ್ಚರ, ಹಸಿದವನಿಗೆ ಹೇಳಿದರೆ ಕೈತೊಳೆದುಕೊಳ್ಳುವುದು. ಕೆಟ್ಟ ನಡತೆಯವರು ನಾಯಿ, ಹಂದಿ ಅಥವಾ ಚಂಡಾಲ ಜನ್ಮ ಪಡೆಯುತ್ತಾರೆಂದು ಛಾಂದೋಗ್ಯ ಉಪನಿಷತ್ತಿನಲ್ಲೇ ಇದೆ. ಒಂದು ಇಡೀ ಸಮುದಾಯದ ದುಸ್ಥಿತಿಗೆ ಅವರ ಹಿಂದಿನ ಜನ್ಮವೇ ಕಾರಣವೆಂದಾದರೆ, ಇಂದಿನ ಸಮಾಜದ ಮೇಲೆ ಯಾವ ಹೊಣೆಯೂ ಉಳಿಯುವುದಿಲ್ಲ. ಡಾ. ಅಂಬೇಡ್ಕರ್ ಅವರ ನಿಧನಾನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥ ಇದನ್ನೇ ಎತ್ತಿ ತೋರಿಸುತ್ತದೆ. ಹಿಂದಿನ ಜನ್ಮದ ಕರ್ಮ ಎಂಬ ವಿವರಣೆ ಬಡವರ, ತುಳಿತಕ್ಕೊಳಗಾದವರ ಬಗೆಗಿನ ಹೊಣೆಯಿಂದ ಪ್ರಭುತ್ವವನ್ನೂ ಸಮಾಜವನ್ನೂ ಬಿಡುಗಡೆ ಮಾಡುತ್ತದೆ ಎಂಬುದು ಅವರ ಆಕ್ಷೇಪ. ಕೇಡಿನ ಚರ್ಚೆಗೆ ಭಾರತ ಕೊಟ್ಟ ಅತಿ ಮುಖ್ಯ ವಿಮರ್ಶೆಗಳಲ್ಲಿ ಇದೂ ಒಂದು.

1934: ಗಾಂಧಿ ಮತ್ತು ಟಾಗೋರ್

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭಾರೀ ಭೂಕಂಪವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮುಂಗೇರ್, ಮುಜಫ್ಫರ್‌ಪುರ ಪಟ್ಟಣಗಳು ನೆಲಸಮವಾದವು. ಆಗ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ದಕ್ಷಿಣದಲ್ಲಿದ್ದರು. ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ತಿರುನೆಲ್ವೇಲಿಯಲ್ಲಿ ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ತೀವ್ರವಾಗಿ ವಿರೋಧಿಸುತ್ತಿದ್ದ ರವೀಂದ್ರನಾಥ ಟಾಗೋರರಿಗೆ ಈ ಮಾತು ನೋವು ತಂದಿತು. ಅವರ ಪ್ರತಿಭಟನೆ ಗಾಂಧೀಜಿಯವರದೇ 'ಹರಿಜನ' ಪತ್ರಿಕೆಯಲ್ಲಿ ಫೆಬ್ರವರಿ 16ರಂದು ಪ್ರಕಟವಾಯಿತು, ಪಕ್ಕದಲ್ಲೇ ಗಾಂಧೀಜಿಯವರ ಉತ್ತರವೂ ಇತ್ತು.

ಭೌತಿಕ ದುರಂತಕ್ಕೆ ಭೌತಿಕ ಕಾರಣಗಳಷ್ಟೇ ಇರುತ್ತವೆ ಎಂಬುದು ಟಾಗೋರರ ಮೊದಲ ಮಾತು. ಎರಡನೆಯದು ಇನ್ನೂ ಹರಿತವಾದದ್ದು. ಈ ಬಗೆಯ ವಾದ ಗಾಂಧೀಜಿಯವರ ವಿರೋಧಿಗಳಿಗೇ ಹೆಚ್ಚು ಒಗ್ಗುತ್ತದೆ, ಅಸ್ಪೃಶ್ಯತೆಯನ್ನು ಅಳಿಸಹೊರಟದ್ದೇ ಪಾಪ, ಅದಕ್ಕೇ ದೇವರು ಮುನಿದ ಎಂದು ಅವರೂ ಹೇಳಬಹುದು ಎಂದರು. ಗಾಂಧೀಜಿ ಪಟ್ಟು ಸಡಿಲಿಸಲಿಲ್ಲ. ತಮ್ಮ ನಂಬಿಕೆಯನ್ನು ಪ್ರಮಾಣದಿಂದ ಸಾಧಿಸಲಾರೆ, ಆದರೆ ಅದನ್ನು ಮುಚ್ಚಿಡುವುದು ಹೇಡಿತನವಾದೀತು ಎಂಬುದು ಅವರ ನಿಲುವು.

ಇಬ್ಬರನ್ನೂ ಗೌರವಿಸುವವರಿಗೆ ಇಲ್ಲಿ ತೀರ್ಪು ಕಷ್ಟ. ಗಾಂಧೀಜಿ ತಮ್ಮನ್ನೂ ಪಾಪಿಗಳ ಸಾಲಿಗೆ ಸೇರಿಸಿಕೊಂಡೇ ಮಾತಾಡಿದ್ದರು. ಅವರ ಉದ್ದೇಶ ಆತ್ಮಶೋಧನೆಯಾಗಿತ್ತು. ಮಾರ್ಚ್ ತಿಂಗಳಲ್ಲಿ ಬಿಹಾರಕ್ಕೆ ಹೋಗಿ ಹಾಳಾದ ಊರುಗಳಲ್ಲಿ ತಿರುಗಾಡಿ ಪರಿಹಾರದ ಕೆಲಸಕ್ಕೆ ನಿಂತರು. ಹಾಗಿದ್ದರೂ ನಾನು ಟಾಗೋರರ ಪಕ್ಷ. ಗೋಡೆಯಡಿ ಸಿಕ್ಕವರಲ್ಲಿ ಅಸ್ಪೃಶ್ಯತೆ ಆಚರಿಸಿದವರಷ್ಟೇ ಅಲ್ಲ, ಅದನ್ನು ಅನುಭವಿಸಿದವರೂ ಇದ್ದರು, ಹಸುಗೂಸುಗಳೂ ಇದ್ದವು. ಒಳ್ಳೆಯ ಉದ್ದೇಶವೊಂದಕ್ಕಾಗಿ ಅವರ ಸಾವನ್ನು ನೀತಿಪಾಠವಾಗಿ ಬಳಸಲು ಅವರಾರೂ ಒಪ್ಪಿಗೆ ಕೊಟ್ಟಿರಲಿಲ್ಲ.

ದೈವದ ಮುನಿಸೋ, ಮನುಷ್ಯನ ಕೈಯೋ

ಪ್ರಕೃತಿ ತರುವ ಕೇಡು, ಮನುಷ್ಯ ಮಾಡುವ ಕೇಡು ಎಂದು ತತ್ವಶಾಸ್ತ್ರ ಎರಡು ಪಾಲು ಮಾಡುತ್ತದೆ. ಲಿಸ್ಬನ್ ಬಗ್ಗೆ ವಾಲ್ಟೇರನಿಗೆ 1756ರಲ್ಲಿ ಬರೆದ ಪತ್ರದಲ್ಲಿ ರೂಸೋ ಈ ಗೆರೆಯನ್ನು ಮಸುಕುಗೊಳಿಸಿದ. ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒಂದೆಡೆ ಒತ್ತಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂದು ಕೇಳಿದ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಗೆ ಹತ್ತಿರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಗಣೇಶನ ವಿಸರ್ಜನೆ ಮುಗಿಸಿ ಬಂದು ಜನ ಮಲಗಿದ್ದರು. ಸುಮಾರು ಹತ್ತು ಸಾವಿರ ಮಂದಿ ಸತ್ತರು. ಕಂಪನದ ತೀವ್ರತೆ 6.2ರ ಆಸುಪಾಸು. ಅಷ್ಟೇ ತೀವ್ರತೆಯ ಕಂಪನವನ್ನು ಗಟ್ಟಿ ಕಟ್ಟಡಗಳ ಊರುಗಳು ಎಷ್ಟೋ ಕಡಿಮೆ ಸಾವಿನೊಂದಿಗೆ ದಾಟಿವೆ. ಇಲ್ಲಿ ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆಗಳೂ ಮರದ ತೊಲೆಯ ಮೇಲೆ ಹೇರಿದ ಮಣ್ಣಿನ ಮಾಳಿಗೆಯೂ ಮಲಗಿದ್ದವರ ಮೇಲೆ ಬಿದ್ದವು. ನೆಲ ನಡುಗಿಸಿದ್ದು ಭೂಮಿ, ಕೊಂದದ್ದು ಕಟ್ಟಡ.

ಕಾಸರಗೋಡಿನ ಪಡ್ರೆ ಗ್ರಾಮದ ಕಥೆ ಇದಕ್ಕಿಂತ ಹತ್ತಿರದ್ದು. ಕನ್ನಡ, ತುಳು ಆಡುವ ಜನ ಹೆಚ್ಚಾಗಿರುವ ಎಣ್ಮಕಜೆ ಪಂಚಾಯತಿನ ಈ ಊರಿನ ಸುತ್ತ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಟೀ ಸೊಳ್ಳೆ ಎಂಬ ಕೀಟದ ಕಾಟ ತಡೆಯಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ತಗ್ಗಿನಲ್ಲಿ ಮನೆ, ಬಾವಿ, ಸುರಂಗದ ನೀರು. ಅಂಗವೈಕಲ್ಯದ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1979ರಲ್ಲೇ ಬರೆದರು. ಮನೆಮನೆಯಲ್ಲಿ ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಕಾಣಿಸಿಕೊಂಡಾಗ ಊರಿನ ಹಲವರು ಇದು ಜಟಾಧಾರಿ ದೈವದ ಮುನಿಸೆಂದು ನಂಬಿದರು. ನೇಮ ಕೊಟ್ಟರೂ ಹರಕೆ ಹೊತ್ತರೂ ಗುಣ ಕಾಣಲಿಲ್ಲ. ವಾಣಿನಗರದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳ ಮನೆ ಎಲ್ಲೆಲ್ಲಿವೆ ಎಂದು ಗಮನಿಸುತ್ತ ಹೋದರು, ಅನುಮಾನ ಗೇರು ತೋಟದ ಕಡೆಗೆ ತಿರುಗಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಹಿಡಿಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಯಾವ ಕಾಯಿಲೆಗೆ ಈ ವಿಷ ಎಷ್ಟರಮಟ್ಟಿಗೆ ಕಾರಣ ಎಂಬ ವೈಜ್ಞಾನಿಕ ಚರ್ಚೆ ಇನ್ನೂ ನಡೆದಿದೆ. ನೀತಿಯ ಮಟ್ಟಿಗೆ ಪಾಠ ಸ್ಪಷ್ಟ. ದೈವದ ಮುನಿಸು ಎಂಬ ಉತ್ತರ ಒಪ್ಪಿಗೆಯಾಗಿದ್ದಷ್ಟು ಕಾಲ ಹೆಲಿಕಾಪ್ಟರಿನ ಕಡೆಗೆ ತಲೆಯೆತ್ತಿ ಪ್ರಶ್ನಿಸಿದವರು ಕಡಿಮೆ. ಜೊತೆಗೆ, ಮಗುವಿನ ಸ್ಥಿತಿಗೆ ತಮ್ಮ ಮನೆತನದ ದೋಷವೇ ಕಾರಣವೆಂಬ ಅವಮಾನವನ್ನೂ ತಂದೆತಾಯಿ ಹೊರಬೇಕಾಯಿತು.

ಮನುಷ್ಯನೊಳಗಿನ ಕೇಡು

ಮನುಷ್ಯ ಬೇಕೆಂದೇ ಮಾಡುವ ಕೇಡಿನ ಮೂಲ ಎಲ್ಲಿ? ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಹುಡುಗಾಟದ ಒಂದು ಕಳ್ಳತನವನ್ನು ಪುಟಗಟ್ಟಲೆ ಬಗೆದು ನೋಡುತ್ತಾನೆ. ಗೆಳೆಯರೊಂದಿಗೆ ಪಕ್ಕದ ತೋಟದ ಪೇರ್ ಹಣ್ಣು ಕದ್ದು ಹಂದಿಗಳಿಗೆ ಎಸೆದಿದ್ದ. ಹಸಿವಿರಲಿಲ್ಲ, ಹಣ್ಣೂ ರುಚಿಯಿರಲಿಲ್ಲ, ತಪ್ಪು ಮಾಡುವುದರಲ್ಲೇ ಅವನಿಗೆ ಸುಖವಿತ್ತು. ಕನ್ನಡದಲ್ಲಿ ಜನ್ನ 13ನೇ ಶತಮಾನದ ಆರಂಭದಲ್ಲಿ ಬರೆದ 'ಯಶೋಧರ ಚರಿತೆ' ಇದೇ ಪ್ರಶ್ನೆಯನ್ನು ಜೈನ ನೆಲೆಯಲ್ಲಿ ಎತ್ತುತ್ತದೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಯಶೋಧರ ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಕ್ತ ಹರಿಯದಿದ್ದರೂ ಕೊಲ್ಲುವ ಸಂಕಲ್ಪ ನಡೆದೇ ಹೋಗಿದೆ, ಅದಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ನರಳುತ್ತಾರೆ. ಕೇಡಿನ ಬೇರು ಸಂಕಲ್ಪದಲ್ಲಿದೆ ಎಂಬುದನ್ನು ಇಷ್ಟು ಕಟ್ಟುನಿಟ್ಟಾಗಿ ಹೇಳಿದ ಕಾವ್ಯಗಳು ಅಪರೂಪ.

ಇಪ್ಪತ್ತನೆಯ ಶತಮಾನ ಇದಕ್ಕೆ ತಿರುವು ಕೊಟ್ಟಿತು. ಯಹೂದಿಗಳನ್ನು ರೈಲುಗಳಲ್ಲಿ ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ಅಡಾಲ್ಫ್ ಐಕ್‌ಮನ್‌ನ ವಿಚಾರಣೆ 1961ರಲ್ಲಿ ಜೆರುಸಲೇಮಿನಲ್ಲಿ ನಡೆಯಿತು. ಅದನ್ನು ವರದಿ ಮಾಡಿದ ಹನ್ನಾ ಅರೆಂಟ್ ಅವರಿಗೆ ಅಲ್ಲಿ ರಾಕ್ಷಸ ಕಾಣಲಿಲ್ಲ. ಸವಕಲು ಮಾತುಗಳಲ್ಲಿ ಮಾತಾಡುವ, ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಲಾರದ ಅಧಿಕಾರಿ ಕಂಡ. ಐಕ್‌ಮನ್ ಅರ್ಜೆಂಟೀನಾದಲ್ಲಿ ಅಡಗಿದ್ದಾಗ ಆಡಿದ ಮಾತುಗಳ ದಾಖಲೆಯನ್ನು ಆಧರಿಸಿ ಬೆಟಿನಾ ಸ್ಟಾಂಗ್ನೆತ್ 2011ರಲ್ಲಿ ಬರೆದ ಗ್ರಂಥ ಅವನು ಕಡು ದ್ವೇಷಿಯೇ ಆಗಿದ್ದನೆಂದು ತೋರಿಸುತ್ತದೆ. ಐಕ್‌ಮನ್ ಬಗ್ಗೆ ಅರೆಂಟ್ ಎಡವಿರಬಹುದು. ಆದರೂ ಯೋಚಿಸದೆ ಸಹಿ ಹಾಕುವ ಕೈಗಳಿಲ್ಲದೆ ಅಂಥ ಯಂತ್ರ ನಡೆಯದು ಎಂಬ ಅವರ ಮಾತು ನಿಲ್ಲುತ್ತದೆ.

ಆಷ್‌ವಿಟ್ಸ್‌ನಲ್ಲಿ ತಾಯಿಯನ್ನು ಕಳೆದುಕೊಂಡ ತತ್ವಜ್ಞ ಹಾನ್ಸ್ ಯೋನಾಸ್ 1984ರಲ್ಲಿ, ಸೃಷ್ಟಿಸುವಾಗಲೇ ದೇವರು ತನ್ನ ಶಕ್ತಿಯನ್ನು ಬಿಟ್ಟುಕೊಟ್ಟ ಎಂದುಕೊಳ್ಳುವುದೊಂದೇ ತನಗೆ ಉಳಿದ ದಾರಿ ಎಂದರು. ಹದಿನಾಲ್ಕರ ಮಗನನ್ನು ಅಕಾಲ ವೃದ್ಧಾಪ್ಯದ ರೋಗಕ್ಕೆ ಕಳೆದುಕೊಂಡ ಅಮೆರಿಕದ ರಬ್ಬಿ ಹೆರಾಲ್ಡ್ ಕುಷ್ನರ್ 1981ರ ತಮ್ಮ ಜನಪ್ರಿಯ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ನಿಲುವಿಗೆ ಬಂದಿದ್ದರು. ಸಂಪ್ರದಾಯಸ್ಥರು ಇಬ್ಬರನ್ನೂ ಒಪ್ಪಲಿಲ್ಲ. ಆದರೆ ಅವರಿಬ್ಬರೂ ತಮ್ಮ ದುಃಖದ ಬಗ್ಗೆ ತಾವೇ ಕಂಡುಕೊಂಡ ಅರ್ಥ ಅದು, ಆದ್ದರಿಂದ ಅದಕ್ಕೊಂದು ಅಧಿಕೃತತೆ ಇದೆ.

ದೇವರಿಲ್ಲದೆ ನೀತಿ

ಧರ್ಮವನ್ನು ಬಿಟ್ಟರೆ ಒಳಿತು ಕೆಡಕುಗಳ ಅಳತೆಗೋಲೇ ಹೋಗುತ್ತದೆ ಎಂಬ ಭಯ ಹಳೆಯದು. ಪ್ಲೇಟೋನ 'ಯೂಥಿಫ್ರೋ' ಸಂವಾದದ ಸಾಕ್ರೆಟೀಸ್ ಇದರ ಬುಡಕ್ಕೇ ಕೈ ಹಾಕುತ್ತಾನೆ. ದೇವತೆಗಳು ಮೆಚ್ಚಿದ್ದರಿಂದ ಒಂದು ಕೆಲಸ ಪವಿತ್ರವಾಗುತ್ತದೆಯೇ, ಪವಿತ್ರವಾದ್ದರಿಂದ ಅವರು ಮೆಚ್ಚುತ್ತಾರೆಯೇ? ಮೊದಲನೆಯದಾದರೆ ಒಳಿತು ಅಪ್ಪಣೆಗೆ ಇಳಿಯುತ್ತದೆ, ಎರಡನೆಯದಾದರೆ ಒಳಿತಿಗೆ ಸ್ವಂತ ನೆಲೆಯಿದೆ. ಇಸ್ಲಾಮಿನಲ್ಲಿ ಮುಅತಜಿಲಾ ಪಂಥದವರು ಒಳಿತು ಕೆಡಕು ಬುದ್ಧಿಗೆ ತಿಳಿಯುತ್ತವೆ, ದೇವರು ಅನ್ಯಾಯ ಮಾಡುವುದಿಲ್ಲ ಎಂದರು. ಆ ಪಂಥದಿಂದ ಹೊರಬಂದ ಅಲ್ ಅಶ್‌ಅರಿ, ದೇವರು ಮಾಡಿದ್ದೇ ನ್ಯಾಯ ಎಂಬ ಕಡೆಗೆ ವಾಲಿದರು. ಗುರು ಅಲ್ ಜುಬ್ಬಾಯಿಯವರಿಗೆ ಅವರು ಹಾಕಿದ ಪ್ರಶ್ನೆಯನ್ನು ಪರಂಪರೆ ನೆನಪಿಟ್ಟಿದೆ. ಮೂವರು ಸಹೋದರರಲ್ಲಿ ಒಬ್ಬ ಸಜ್ಜನ, ಒಬ್ಬ ಪಾಪಿ, ಒಬ್ಬ ಮಗುವಾಗಿದ್ದಾಗಲೇ ಸತ್ತವನು. ನನ್ನನ್ನೂ ಬದುಕಿಸಿ ಪುಣ್ಯ ಗಳಿಸಲು ಏಕೆ ಬಿಡಲಿಲ್ಲ ಎಂದು ಮಗು ಕೇಳಿದರೆ, ಬೆಳೆದರೆ ನೀನು ಪಾಪಿಯಾಗುತ್ತಿದ್ದೆ ಎಂದು ದೇವರು ಹೇಳಬಹುದು. ಆಗ ನರಕದಲ್ಲಿರುವ ಪಾಪಿ, ಹಾಗಾದರೆ ನನ್ನನ್ನೇಕೆ ಎಳೆತನದಲ್ಲೇ ಕರೆದುಕೊಳ್ಳಲಿಲ್ಲ ಎಂದರೆ? ಗುರು ಸುಮ್ಮನಾದರಂತೆ. ದೇವರನ್ನು ಮನುಷ್ಯನ ನ್ಯಾಯಕ್ಕೆ ಸಿಗಿಸಲಾಗದೆಂದು ತೋರಿಸಲು ಹುಟ್ಟಿದ ಕಥೆ, ದೇವರ ಪರವಾದ ವಿವರಣೆಗಳ ಮಿತಿಯನ್ನೂ ತೋರಿಸುತ್ತದೆ.

ದೇವರನ್ನು ಕೈಬಿಟ್ಟವರಿಗೂ ಕೇಡು ಸುಲಭದ ತುತ್ತಲ್ಲ. ಎ. ಎನ್. ಮೂರ್ತಿರಾಯರ 'ದೇವರು' ಕೃತಿ ಸೌಜನ್ಯ ಬಿಡದೆ ದೇವರ ಕಲ್ಪನೆಯನ್ನು ಪರಿಶೀಲಿಸಿ ಬದಿಗಿಡುತ್ತದೆ. ಆ ಬಳಿಕವೂ ನೋವು ಉಳಿಯುತ್ತದೆ, ಅದಕ್ಕೆ ಸ್ಪಂದಿಸುವ ಹೊಣೆ ಪೂರ್ತಿ ನಮ್ಮದಾಗುತ್ತದೆ. ನಾಸ್ತಿಕರೂ ಯೋಬನ ಗೆಳೆಯರಾಗಬಲ್ಲರು. ಬಡವ ಸೋಮಾರಿಯಾಗಿದ್ದರಿಂದ ಬಡವ, ರೋಗಿ ಪಥ್ಯ ಮಾಡದ್ದರಿಂದ ರೋಗಿ, ಪ್ರಗತಿಗೆ ಇಷ್ಟು ಬಲಿ ಅನಿವಾರ್ಯ ಎನ್ನುವವರು ದೇವರ ಹೆಸರೆತ್ತದೆಯೇ ಅದೇ ಲೆಕ್ಕ ಒಪ್ಪಿಸುತ್ತಿದ್ದಾರೆ.

ಉಳಿಯುವ ನಿಯಮ

ಇಷ್ಟು ಉತ್ತರಗಳನ್ನು ಹಾದು ಬಂದ ಮೇಲೆ, ಕೇಡು ಏಕಿದೆ ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಸಿಕ್ಕಿಲ್ಲವೆಂದು ಒಪ್ಪಬೇಕು. ಆದರೆ ಒಂದು ನಿಯಮವಂತೂ ಸಿಕ್ಕಿದೆಯೆಂದು ನಾನು ನಂಬುತ್ತೇನೆ. ಇನ್ನೊಬ್ಬರು ನೋವಿನಲ್ಲಿರುವಾಗ ಅದಕ್ಕೆ ನೈತಿಕ ಕಾರಣ ಹೇಳುವ ಹಕ್ಕು ನಮಗಿಲ್ಲ, ಭೌತಿಕ ಮತ್ತು ಸಾಮಾಜಿಕ ಕಾರಣ ಹುಡುಕುವ ಕರ್ತವ್ಯ ಇದೆ. ಇದು ಹೇಗಾಯಿತು, ತಡೆಯಬಹುದಿತ್ತೇ, ಯಾರು ತಡೆಯಬೇಕಿತ್ತು ಎಂದು ಕೇಳಬೇಕು. ಇದು ಏಕೆ ನನಗೆ ಎಂಬ ಪ್ರಶ್ನೆ ನೊಂದವರದು, ಅದಕ್ಕೆ ಅವರು ಕೊಟ್ಟುಕೊಳ್ಳುವ ಉತ್ತರವೂ ಅವರದೇ.

ಇದಕ್ಕಾಗಿ ಯಾರೂ ಧರ್ಮ ಬಿಡಬೇಕಾಗಿಲ್ಲ. ಧರ್ಮಗಳ ಒಳಗೇ ಇದಕ್ಕೆ ಬೆಂಬಲವಿದೆ. ಯೋಬನ ದೂರನ್ನು ಬೈಬಲ್ ಅಳಿಸಿಹಾಕಲಿಲ್ಲ. ನಮ್ಮ ಹರಿದಾಸರು ನಿಂದಾಸ್ತುತಿಯಲ್ಲಿ ದೇವರನ್ನು ಮನಸಾರೆ ಬೈದರು, ಭಕ್ತಿಗೆ ಅದರಿಂದ ಕುಂದೇನೂ ಬರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಧರ್ಮವನ್ನು ದಯೆಯ ಒರೆಗಲ್ಲಿಗೆ ಹಚ್ಚಿದರು. ದೇವರನ್ನು ಸಮರ್ಥಿಸುವುದಕ್ಕಿಂತ ನೊಂದವರ ಪಕ್ಕದಲ್ಲಿರುವುದು ಹೆಚ್ಚಿನ ಧಾರ್ಮಿಕತೆ ಎಂಬುದು ಇವೆಲ್ಲ ಒಟ್ಟಾಗಿ ಕಲಿಸುವ ಪಾಠ.

ಹಾಗಾಗಿ ಪ್ರವಚನಕಾರರು ಸುನಾಮಿಗೆ, ಸಾಂಕ್ರಾಮಿಕಕ್ಕೆ, ಬರಕ್ಕೆ ಯಾರದೋ ಪಾಪವನ್ನು ಕಾರಣವಾಗಿ ತೋರಿಸಿದಾಗ ಕೇಳುಗರು ಅಲ್ಲೇ ಎದ್ದು ಒಪ್ಪುವುದಿಲ್ಲವೆನ್ನಬೇಕು. ಸೇತುವೆ ಕುಸಿದಾಗ, ಗುಡ್ಡ ಜರಿದಾಗ ದೈವೇಚ್ಛೆಯೆಂದು ಕಡತ ಮುಚ್ಚುವ ಅಧಿಕಾರಿಗೆ ಗುತ್ತಿಗೆಯ, ಗಣಿಯ, ರಸ್ತೆ ಅಗಲೀಕರಣದ ದಾಖಲೆ ತೋರಿಸಿ ಎನ್ನಬೇಕು. ವಿಶೇಷಚೇತನ ಮಗುವಿನ ತಾಯಿಗೆ ಪೂರ್ವಜನ್ಮದ ವಿವರಣೆ ಕೊಡಲು ಬರುವ ನೆಂಟರನ್ನು ಮನೆಯವರೇ ತಡೆಯಬೇಕು. ಕೇಡಿನ ಮೂಲದ ಬಗ್ಗೆ ತತ್ವಜ್ಞರು ಇನ್ನೂ ಸಾವಿರ ವರ್ಷ ವಾದಿಸಲಿ, ಆ ವಾದ ಬೇಕು. ಅದು ತೀರ್ಮಾನವಾಗುವವರೆಗೆ ನೊಂದವರ ತಲೆಯ ಮೇಲೆ ತಪ್ಪಿನ ಹೊರೆ ಹೊರಿಸದಿರುವುದು ಆಸ್ತಿಕರಿಂದಲೂ ನಾಸ್ತಿಕರಿಂದಲೂ ಇಂದೇ ಆಗಬಹುದಾದ ಕೆಲಸ.